ಕೋಡಿ ಬಿತ್ತು

ನಮ್ಮ ಶಾಲೆಯಲ್ಲಿ ಬಹಳ ಕಾಲ ಪ್ರಾಜೆಕ್ಟ್ ಎಂದರೆ ಥರ್ಮೋಕೋಲ್. ಅಪ್ಪ ಕತ್ತರಿಸುವುದು, ಅಮ್ಮ ಬಣ್ಣ ಹಚ್ಚುವುದು, ಮಗು ತಂದು ಮೇಜಿನ ಮೇಲಿಡುವುದು, ನಾವು ಕಣ್ಣು ಮುಚ್ಚಿ ಅಂಕ ಕೊಡುವುದು. ಯಲಹಂಕದ ಹಳೆಯ ಪೇಟೆಯ ಸ್ಟೇಷನರಿ ಅಂಗಡಿಯಲ್ಲಿ ಜ್ವಾಲಾಮುಖಿ, ಸೌರವ್ಯೂಹ, ಮಳೆನೀರು ಕೊಯ್ಲು ಎಲ್ಲವೂ ಸಿದ್ಧವಾಗಿಯೇ ಸಿಗುತ್ತಿದ್ದವು. ಒಂದೇ ಜ್ವಾಲಾಮುಖಿ ಅಣ್ಣನನ್ನು, ತಂಗಿಯನ್ನು, ಚಿಕ್ಕಪ್ಪನ ಮಗನನ್ನು ಸಾಲಾಗಿ ಪಾಸು ಮಾಡಿಸಿದ್ದನ್ನು ನಾನೇ ಕಂಡಿದ್ದೇನೆ. ನಾನು ಅಲ್ಲಿ ಕಂಪ್ಯೂಟರ್ ಪಾಠ ಹೇಳುವವಳು. ನನ್ನ ನಾಲಿಗೆ ಸ್ವಲ್ಪ ಉದ್ದ ಎಂದು ಸ್ಟಾಫ್ ರೂಮಿನಲ್ಲಿ ಮಾತಿದೆ. ಸುಳ್ಳೇನಲ್ಲ.

ಹೋದ ವರ್ಷ ಶಾಲೆ ಶುರುವಾದಾಗ ಈ ಥರ್ಮೋಕೋಲ್ ವ್ಯಾಪಾರಕ್ಕೆ ಕತ್ತರಿ ಬಿತ್ತು. ಒಂಬತ್ತನೆಯ ತರಗತಿಯ ಮಕ್ಕಳು ಸಣ್ಣ ಗುಂಪು ಮಾಡಿಕೊಂಡು ವರ್ಷವಿಡೀ ಒಂದೇ ಕೆಲಸ ಹಿಡಿಯಬೇಕು, ತಮ್ಮ ಮನೆಯ ಸುತ್ತಮುತ್ತಲಿನ ಒಂದು ತೊಂದರೆಗೆ ತಾವೇ ಯಂತ್ರ ಕಟ್ಟಬೇಕು, ಅದಕ್ಕೆ ಬೇಕಾದ ಕೋಡಿಂಗು, ವೈರಿಂಗು ಎಲ್ಲವನ್ನೂ ಕೆಲಸ ಮಾಡುತ್ತಲೇ ಕಲಿಯಬೇಕು ಎಂದು ತೀರ್ಮಾನವಾಯಿತು. ನನಗೆ ಹಬ್ಬವಾಯಿತು. ಬೋರ್ಡಿನ ಮೇಲೆ ಕಂಪ್ಯೂಟರಿನ ಚಿತ್ರ ಬರೆದು ಕಂಪ್ಯೂಟರ್ ಕಲಿಸಿ ನನಗೂ ಸಾಕಾಗಿತ್ತು.

ಮೊದಲ ವಾರ ಮಕ್ಕಳು ಹೊತ್ತು ತಂದ ತೊಂದರೆಗಳನ್ನು ಕೇಳಬೇಕಿತ್ತು. ಒಬ್ಬನಿಗೆ ಅಪ್ಪನ ಗೊರಕೆ, ಒಬ್ಬಳಿಗೆ ಬೀದಿನಾಯಿ, ಅರ್ಧ ತರಗತಿಗೆ ಟ್ರಾಫಿಕ್. ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದು ನಿಂತು, ತನ್ನ ಅಕ್ಕ ಹೆರಿಗೆಗೆ ಮನೆಗೆ ಬರುತ್ತಾಳೆ ಎಂದಳು. ತರಗತಿ ಗೊಳ್ಳೆಂದು ನಕ್ಕಿತು. ಅವಳು ನಗಲಿಲ್ಲ. ಅವರು ಗದಗದ ಕಡೆಯವರು, ತಂದೆಗೆ ಯಶವಂತಪುರದ ಆಚೆ ಒಂದು ಕಾರ್ಖಾನೆಯಲ್ಲಿ ಲೇತ್ ಮೇಲೆ ಕೆಲಸ. ಬಾಡಿಗೆ ಮನೆ ಕೆರೆಯ ಏರಿಯ ಕೆಳಗಿನ ಬೀದಿಯಲ್ಲಿ. ಡಾಂಬರು ಹಾಕಿದಾಗಲೆಲ್ಲ ರಸ್ತೆ ಮೇಲೇರಿ, ಈಗ ಮನೆಯೊಳಗೆ ಹೋಗಬೇಕಾದರೆ ಮೆಟ್ಟಿಲು ಇಳಿಯಬೇಕು. ಅದರ ಹಿಂದಿನ ವರ್ಷದ ಮಳೆಗೆ ನೀರು ಹೊಸ್ತಿಲವರೆಗೆ ಬಂದು, ಒಳಗೆ ಇಣುಕಿ, ಹಿಂದಕ್ಕೆ ಹೋಗಿತ್ತಂತೆ.

“ಅಕ್ಕ, ಕೂಸು ಮಲಗೋ ಖೋಲಿ ಎಲ್ಲಾಕಿಂತ ಕೆಳಗೈತ್ರಿ ಮಿಸ್. ನೀರು ಬರೂದು ನಮಗ ಮೊದ್ಲ ಗೊತ್ತಾಗ್ಬೇಕ್ರಿ,” ಎಂದಳು.

ಇನ್ನೂ ಹುಟ್ಟದ ಮಗುವಿಗೆ ಇವಳು ಆಗಲೇ ಕಾವಲು ನಿಂತಿದ್ದಳು. ಅವಳ ತೊಂದರೆಯನ್ನು ಎಲ್ಲಕ್ಕಿಂತ ಮೊದಲು ಒಪ್ಪಿಕೊಂಡೆ.

ಅವಳ ಜೊತೆಗೆ ಸೇರಿದವನು ಆ ಬೀದಿಯ ಮನೆಗಳ ಮಾಲೀಕರ ಮೊಮ್ಮಗ. ಅವರದು ಹಳೆಯ ಊರಿನ ಒಕ್ಕಲು ಮನೆತನ. ಅವನ ತಾತ ಒಂದು ಕಾಲಕ್ಕೆ ಏರಿಯ ಕೆಳಗೆ ಭತ್ತ ಬೆಳೆಯುತ್ತಿದ್ದವರು. ಗದ್ದೆ ಸೈಟಾಯಿತು, ಸೈಟು ಬಾಡಿಗೆ ಮನೆಗಳಾಯಿತು, ಗದ್ದೆಯ ಯಜಮಾನರು ನಮ್ಮ ಶಾಲೆಯ ಆಡಳಿತ ಸಮಿತಿಯ ಅಧ್ಯಕ್ಷರಾದರು. ಹುಡುಗ ಕೆಟ್ಟವನಲ್ಲ, ಬಾಯಿ ಮಾತ್ರ ಬಡಬಡ. “ಕೋಡಿಂಗ್ ಅಂದ್ರೆ ಕೋಡಿ ಬೀಳ್ಸೋದಾ ಮಿಸ್?” ಎಂದು ಮೊದಲ ದಿನವೇ ಕೇಳಿ ನನ್ನಿಂದ ಬೈಸಿಕೊಂಡ.

ಕೋಡಿ ಎಂದರೆ ನಮ್ಮ ಕಡೆ ಕೆರೆಯ ಏರಿಯ ತುದಿಯಲ್ಲಿ ಕಲ್ಲು ಕಟ್ಟಿ ಬಿಟ್ಟ ಜಾಗ. ಕೆರೆ ತುಂಬಿದಾಗ ಹೆಚ್ಚಿನ ನೀರು ಆ ಕಲ್ಲಿನ ಮೇಲಿಂದ ಹೊರಗೆ ಬೀಳುತ್ತದೆ. ಕೋಡಿ ಬಿತ್ತು ಎಂದರೆ ಕೆರೆ ತುಂಬಿತು ಎಂದು ಅರ್ಥ. ಮುಂಚೆ ಆ ನೀರು ಗದ್ದೆಗೆ ಹೋಗುತ್ತಿತ್ತು. ಈಗ ಒಂದು ಕಿರಿದಾದ ಕಾಲುವೆಗೆ ಹೋಗಬೇಕು. ಆ ಕಾಲುವೆಯ ಬಾಯಿಗೆ ಯಾರೋ ಕಟ್ಟಡದ ಮಣ್ಣು ಸುರಿದಿದ್ದರು, ಅದರ ಮೇಲೆ ಇನ್ಯಾರೋ ಕಾಂಪೌಂಡು ಹಾಕಿದ್ದರು.

ಕೆಲಸ ಶುರುವಾಯಿತು. ಬಾವಲಿಯ ಹಾಗೆ ಶಬ್ದ ಕಳಿಸಿ, ಅದು ಮರಳಿ ಬರುವ ಹೊತ್ತಿನಿಂದ ನೀರು ಎಷ್ಟು ದೂರದಲ್ಲಿದೆ ಎಂದು ಹೇಳುವ ಸೆನ್ಸರ್ ಒಂದನ್ನು ತಂದೆವು. ಮೊದಲು ಬಕೆಟ್ಟಿನ ಮೇಲೆ, ಆಮೇಲೆ ಶಾಲೆಯ ಸಂಪಿನ ಮೇಲೆ ಹಿಡಿದು ನೋಡಿದರು. ಹುಡುಗ ಬೆಸುಗೆ ಹಾಕಲು ಹೋಗಿ ಬೆರಳು ಸುಟ್ಟುಕೊಂಡ. ಹುಡುಗಿ ಮೂರು ದಿನ ಪ್ರೋಗ್ರಾಮಿನಲ್ಲಿ ಒಂದು ಅರ್ಧವಿರಾಮ ಎಲ್ಲಿ ಬಿಟ್ಟುಹೋಗಿದೆ ಎಂದು ಹುಡುಕಿದಳು, ನಾನು ಮೊದಲ ದಿನವೇ ಕಂಡಿದ್ದೆ, ಹೇಳಲಿಲ್ಲ. ಕೆರೆಗೆ ಒಯ್ದಾಗ ನೊರೆಯನ್ನೇ ನೀರೆಂದು ತಿಳಿದು ಸೆನ್ಸರ್ ತಪ್ಪು ಹೇಳಿತು. ಒಮ್ಮೆ ಡಬ್ಬಿಯೊಳಗೆ ಜೇಡ ಬಲೆ ನೇಯ್ದು ಕೆರೆ ತುಂಬಿದೆ ಎಂದು ಸುಳ್ಳು ಸುದ್ದಿ ಹಬ್ಬಿಸಿತು. ಆಗ ಅವಳೇ ಒಂದು ಉಪಾಯ ಮಾಡಿದಳು. ಒಂದು ಸಲ ಅಳೆದದ್ದನ್ನು ನಂಬಬಾರದು, ಮತ್ತೆ ಮತ್ತೆ ಅಳೆದು ಎಲ್ಲವೂ ಒಂದೇ ಮಾತು ಹೇಳಿದರೆ ಮಾತ್ರ ಮೆಸೇಜು ಕಳಿಸಬೇಕು. ಇಷ್ಟನ್ನು ಕಲಿಸಲು ಪುಸ್ತಕದಲ್ಲಿ ಒಂದು ಅಧ್ಯಾಯವೇ ಇದೆ, ಓದಿದವರಿಗೆ ನಿದ್ದೆ ಬರುತ್ತದೆ.

ನನಗೆ ಮೊದಲ ಸಲ ಹೆದರಿಕೆಯಾದದ್ದು ಅವರು ಮಟ್ಟ ಅಳೆದ ದಿನ. ಗಾರೆ ಕೆಲಸದವರು ಬಳಸುವ ನೀರು ತುಂಬಿದ ಪಾರದರ್ಶಕ ಪೈಪು ಹಿಡಿದು, ಕೋಡಿಯ ಕಲ್ಲಿನಿಂದ ಹುಡುಗಿಯ ಮನೆಯವರೆಗೆ ಹಂತ ಹಂತವಾಗಿ ಗುರುತು ಹಾಕುತ್ತ ಬಂದರು. ಹುಡುಗ ದಾರಿಯುದ್ದಕ್ಕೂ ತಮಾಷೆ ಮಾಡುತ್ತಿದ್ದ. ಕೊನೆಯ ಗುರುತು ಅವಳ ಮನೆಯ ಬಾಗಿಲಿನ ಮೇಲಿನ ಪಟ್ಟಿಗೆ ಬಂತು. ಅಲ್ಲಿ ಮಾವಿನ ತೋರಣ ಒಣಗಿ ನೇತಾಡುತ್ತಿತ್ತು. ಕೆರೆ ತುಂಬಿದಾಗಿನ ನೀರಿನ ಮಟ್ಟ ಮನೆಯ ತೋರಣದ ಮಟ್ಟ. ಹುಡುಗ ಪೈಪು ಕೆಳಗಿಟ್ಟ. ಹುಡುಗಿ ಸೀಮೆಸುಣ್ಣದಿಂದ ಪಟ್ಟಿಯ ಪಕ್ಕದ ಗೋಡೆಯ ಮೇಲೆ ಗೆರೆ ಎಳೆದಳು. ಅವಳ ತಾಯಿ ಬಂದು, ಬಾಡಿಗೆ ಮನೆಯ ಗೋಡೆಗೆ ಗೀಚಿದರೆ ಮಾಲೀಕರು ಬೈಯುತ್ತಾರೆ ಎಂದು ಸೆರಗಿನಿಂದ ಅದನ್ನು ಒರೆಸಿದಳು.

ಯಂತ್ರ ಸಿದ್ಧವಾಯಿತು. ಕೋಡಿಯ ಕಲ್ಲಿನ ಪಕ್ಕ ಕಬ್ಬಿಣದ ಕಂಬ, ಕಂಬದ ಮೇಲೆ ಡಬ್ಬಿ, ಡಬ್ಬಿಯೊಳಗೆ ಒಂದು ಸಿಮ್. ನೀರು ಕಲ್ಲಿನ ಅಂಚಿಗೆ ಬಂದರೆ ಸಾಕು, ಕೆಳಗಿನ ಬೀದಿಯ ಮನೆಗಳಿಗೂ ಹಳೆಯ ಊರಿನವರಿಗೂ ಸೇರಿದ ಗುಂಪಿಗೆ ತಾನೇ ಮೆಸೇಜು ಹೋಗುತ್ತದೆ. ಮಕ್ಕಳು ಬರೆದ ಮೆಸೇಜು ಹೀಗಿತ್ತು: ಎಚ್ಚರ, ಕೆರೆ ನೀರು ಬರುತ್ತಿದೆ, ಮನೆ ಬಿಡಿ.

ಉದ್ಘಾಟನೆಯ ಹಿಂದಿನ ದಿನ ಅಧ್ಯಕ್ಷರು ನೋಡಲು ಬಂದರು. ಪರೀಕ್ಷೆಗೆಂದು ಮಕ್ಕಳು ಮೆಸೇಜನ್ನು ಮುಖ್ಯೋಪಾಧ್ಯಾಯಿನಿಯವರ ಫೋನಿಗೆ ಕಳಿಸಿದರು. ಅವರು ಓದಿ ಎದೆ ಮುಟ್ಟಿಕೊಂಡು, ಬಿಡ್ತು ಅನ್ನೇ ಎಂದು ಹುಡುಗಿಗೆ ಹೇಳಿದರು. ಹುಡುಗಿ ಬಿಡ್ತು ಎಂದಳು. ನಮ್ಮಲ್ಲಿ ಕೆಟ್ಟ ಮಾತು ಬಾಯಿಗೆ ಬಂದರೆ ಬಿಡ್ತು ಎಂದುಬಿಟ್ಟರಾಯಿತು, ಅಲ್ಲಿಗೆ ಅದು ರದ್ದು. ಅಧ್ಯಕ್ಷರು ಮೊಮ್ಮಗನ ಹೆಗಲ ಮೇಲೆ ಕೈಯಿಟ್ಟು ಬಹಳ ಸಮಾಧಾನದಿಂದಲೇ ಮಾತಾಡಿದರು.

“ಶುಭಕಾರ್ಯದಾಗೆ ಮನೆ ಬಿಡಿ ಅಂತ ಬರೀತಾರೇನಮ್ಮ? ಕೆರೆ ತುಂಬೋದು ಒಳ್ಳೇದು. ನಮ್ ಕಾಲ್ದಾಗೆ ಒಂದೇ ಮಾತು ಯೋಳೋರು, ಕೋಡಿ ಬಿತ್ತು ಅಂತ. ಊರೆಲ್ಲ ಎದ್ದು ಓಡ್ಬರೋರು. ಅಂಗೇ ಆಕ್ರಿ.”

ಅದು ನಿಜವೂ ಹೌದು. ಕೋಡಿ ಬಿದ್ದ ದಿನ ಹಳೆಯ ಊರಿನ ಹೆಂಗಸರು ಮೊರದಲ್ಲಿ ಅರಿಸಿನ, ಕುಂಕುಮ, ಬಳೆ, ಹಣ್ಣು ಇಟ್ಟು ಗಂಗಮ್ಮನಿಗೆ ಬಾಗಿನ ಬಿಡುತ್ತಿದ್ದರು. ಆದರೆ ಅವರು ಓಡಿ ಬರುತ್ತಿದ್ದುದು ನೀರಿನ ಕಡೆಗೆ, ಈ ಮೆಸೇಜು ಇರುವುದು ನೀರಿನಿಂದ ಓಡುವವರಿಗೆ. ಇದನ್ನು ನಾನು ಹೇಳಿದೆ. ಎರಡೂ ಮಾತು ಹಾಕೋಣ ಎಂದೂ ಹೇಳಿದೆ. ಹುಡುಗಿ ಇನ್ನೂ ಒಂದು ಮಾತು ಸೇರಿಸಿದಳು. ಅವರ ಕಡೆ ಖೋಡಿ ಎಂದರೆ ಬೈಗುಳ, ತುಂಟ, ಕಿಡಿಗೇಡಿ ಎಂದು ಅರ್ಥ, ಮನೆಯಲ್ಲಿ ಕೋಡಿ ಬಿತ್ತು ಎಂದು ಓದಿದರೆ ಯಾವನೋ ಕಿಡಿಗೇಡಿ ಬಿದ್ದ ಎಂದು ನಗುತ್ತಾರೆ. ಕೂಡಲೇ ಎಲ್ಲರೂ ನಕ್ಕರು. ಅಧ್ಯಕ್ಷರೂ ನಕ್ಕರು. ಮುಖ್ಯೋಪಾಧ್ಯಾಯಿನಿ ನನ್ನ ಕೈ ಅದುಮಿ, ಹಾಗಾದರೆ ಮನೆಯಲ್ಲಿ ಅರ್ಥ ಹೇಳಿಬಿಡು ಎಂದು ಹುಡುಗಿಗೆ ಹೇಳಿ ವಿಷಯ ಮುಗಿಸಿದರು, ಮೆಸೇಜು ಕೋಡಿ ಬಿತ್ತು ಎಂದಷ್ಟೇ ಆಯಿತು. ನನಗೆ ಸಿಟ್ಟು ನೆತ್ತಿಗೇರಿತು. ಯಜಮಾನರ ಮುಂದೆ ಏರಿದ ಸಿಟ್ಟು ಎಷ್ಟು ದೂರ ಹೋದೀತು?

ಹುಡುಗಿ ಮನೆಯಲ್ಲಿ ಹೇಳಿದಳು. ತಂದೆ ಊಟ ಮಾಡುತ್ತಾ ಹೂಂ ಎಂದರಂತೆ.

ಅಕ್ಕ ಬಂದಳು, ಹೆರಿಗೆಯಾಯಿತು, ಗಂಡು ಮಗು. ನಾನು ಅಂಗಿ, ಕುಲಾವಿ ತೆಗೆದುಕೊಂಡು ನೋಡಲು ಹೋದೆ. ಒಳಗಿನ ಕೋಣೆ ಬೆಚ್ಚಗೆ, ಕತ್ತಲೆಯಾಗಿತ್ತು. ಗಾಳಿ ತಾಕದಂತೆ ಕಿಟಕಿಗೆ ರಟ್ಟು ಬಡಿದಿದ್ದರು. ಬಾಣಂತಿಗೆ ಕಿವಿ ತುಂಬ ಹತ್ತಿ, ಮೇಲೆ ಬಿಗಿಯಾಗಿ ಕಟ್ಟಿದ ಬಟ್ಟೆ. ಕಣ್ಣಿಗೆ ಆಯಾಸವಾಗುತ್ತದೆಂದು ಅವಳ ಫೋನನ್ನು ತಾಯಿ ತೆಗೆದಿಟ್ಟಿದ್ದಳು. ನಾನು ಏನು ಕೇಳಿದರೂ ಅವಳು ನಗುತ್ತಿದ್ದಳು, ಕೇಳಿಸುತ್ತಿರಲಿಲ್ಲ. ಹೊರಗೆ ಮೋಡ ಕವಿದಿತ್ತು. ವಾಯುನೆಲೆಯ ವಿಮಾನವೊಂದು ಮೇಲೆ ಹಾದುಹೋದರೂ ಬಾಣಂತಿ ಕಣ್ಣೆತ್ತಲಿಲ್ಲ. ತಾಯಿಗೆ ಓದು ಬಾರದು, ಆದರೆ ಮಗಳ ಯಂತ್ರದ ಬಗ್ಗೆ ಬಲು ಹೆಮ್ಮೆ. ನೀರು ಬಂದರೆ ನಮ್ಮಾಕಿ ಡಬ್ಬಿ ಹೇಳ್ತದ, ಅಂಜಿಕಿಲ್ಲ ಎಂದಳು. ಬಾಗಿಲು ದಾಟುವಾಗ ನಾನು ಮೇಲಿನ ಪಟ್ಟಿ ನೋಡಿದೆ. ಸೀಮೆಸುಣ್ಣದ ಗುರುತು ಪೂರ್ತಿ ಹೋಗಿರಲಿಲ್ಲ.

ಆ ಶನಿವಾರಕ್ಕೆ ಮುಂಚೆ ವಾರವಿಡೀ ಮಳೆ ಹಿಡಿದಿತ್ತು. ಶನಿವಾರ ಬೆಳಗಿನ ತರಗತಿಗಳು ಮುಗಿದ ಮೇಲೆ ಪ್ರಾಜೆಕ್ಟಿನ ಮಕ್ಕಳು ಲ್ಯಾಬಿನಲ್ಲಿ ಉಳಿಯುತ್ತಿದ್ದರು. ಮಧ್ಯಾಹ್ನಕ್ಕೇ ಸಂಜೆಯಂತಾಗಿ ದೀಪ ಹಾಕಿದೆವು. ಹೆಸರಘಟ್ಟದ ಕಡೆಯಿಂದ ಕಪ್ಪು ಮೋಡ ಒಂದರ ಹಿಂದೊಂದು ಬರುತ್ತಿತ್ತು. ಪರದೆಯ ಮೇಲೆ ಕೆರೆಯ ಗೆರೆ ನಿಧಾನವಾಗಿ ಏರುತ್ತಿತ್ತು. ಮಕ್ಕಳಿಬ್ಬರೂ ಅದನ್ನೇ ನೋಡುತ್ತಿದ್ದರು. ಇಷ್ಟು ತಿಂಗಳ ದುಡಿಮೆ ಮೊದಲ ಸಲ ನಿಜವಾದ ನೀರಿನೆದುರು ಪರೀಕ್ಷೆಗೆ ನಿಂತಿತ್ತು. ಗೆರೆ ಅಂಚು ಮುಟ್ಟಿತು, ಯಂತ್ರ ಅಳೆಯಿತು, ಮತ್ತೆ ಅಳೆಯಿತು, ಮತ್ತೊಮ್ಮೆ ಅಳೆಯಿತು. ನಮ್ಮ ಮೂವರ ಫೋನುಗಳೂ ಒಟ್ಟಿಗೆ ಗುಂಯ್ ಎಂದವು. ಕೋಡಿ ಬಿತ್ತು.

ಹುಡುಗ ಮೇಜು ಕುಟ್ಟಿ ಕುಣಿದ. ನಾನೂ ಚಪ್ಪಾಳೆ ತಟ್ಟಿದೆ. ಹುಡುಗಿ ಮಾತ್ರ ಆಗಲೇ ತಂದೆಗೆ ಫೋನು ಹಚ್ಚಿದ್ದಳು.

ತಂದೆ ಕಾರ್ಖಾನೆಯಲ್ಲಿದ್ದರು. ಯಂತ್ರಗಳ ಸದ್ದಿನಲ್ಲಿ ಅವರು ಗಟ್ಟಿಯಾಗಿ ಮಾತಾಡಿದ್ದು ನನಗೂ ಕೇಳಿಸಿತು. ಮೆಸೇಜು ನೋಡಿದೆ, ಯಾವ ಖೋಡಿ ಎಲ್ಲಿ ಬಿತ್ತು ಎಂದು ಗೆಳೆಯರಿಗೆಲ್ಲ ತೋರಿಸಿ ನಕ್ಕೆವು, ಸಾಲ್ಯಾಗ ಇದನ್ನ ಕಲಸ್ತಾರೇನು ಎಂದು ಕೇಳುತ್ತಿದ್ದರು. ಅವಳು ಅದು ಕೆರೆಯ ನೀರು ಎಂದು ಹೇಳುವಷ್ಟರಲ್ಲಿ ಯಾರೋ ಕರೆದರೆಂದು ಫೋನು ಇಟ್ಟರು. ತಿರುಗಿ ಹಚ್ಚಿದರೆ ಎತ್ತಲಿಲ್ಲ. ತಾಯಿಗೆ ಹಚ್ಚಿದಳು, ಅವಳೂ ಎತ್ತಲಿಲ್ಲ.

ಅಷ್ಟರಲ್ಲಿ ಗುಂಪಿನಲ್ಲಿ ಉತ್ತರಗಳು ಬರತೊಡಗಿದ್ದವು. ಮುಗಿದ ಎರಡು ಕೈಗಳ ಚಿತ್ರ. ಮತ್ತೆ ಮುಗಿದ ಕೈ. ಮತ್ತೆ. ಗಂಗಮ್ಮ ತಾಯಿ ಬಂದಳು ಎಂದು ಒಬ್ಬರು, ಎಲ್ಲರಿಗೂ ಒಳ್ಳೆಯದಾಗಲಿ ಎಂದು ಇನ್ನೊಬ್ಬರು. ಹೂವಿನ ಚಿತ್ರ, ದೀಪದ ಚಿತ್ರ. ಪರದೆಯ ಮೇಲೆ ಗೆರೆ ಅಂಚು ದಾಟಿ ಏರುತ್ತಲೇ ಇತ್ತು. ಕೆಳಗಿನ ಬೀದಿಯಿಂದ ಒಂದೇ ಒಂದು ಉತ್ತರ ಇರಲಿಲ್ಲ. ನೀರು ಬರುತ್ತಿದೆ, ಹೊರಗೆ ಬನ್ನಿ ಎಂದು ನಾನೇ ಗುಂಪಿಗೆ ಬರೆದೆ. ಅದರ ಕೆಳಗೂ ಒಬ್ಬರು ಕೈ ಮುಗಿದರು.

ಆಮೇಲೆ ಅಧ್ಯಕ್ಷರ ಫೋನಿನಿಂದ ಒಂದು ಫೋಟೋ ಬಂತು. ಕೋಡಿಯ ಹತ್ತಿರ ಏರಿಯ ಮೇಲೆ ಛತ್ರಿ ಹಿಡಿದ ಹೆಂಗಸರ ಸಾಲು, ಕೈಯಲ್ಲಿ ಮೊರ, ಹಿಂದೆ ಕೆಂಪು ನೀರು. ಹುಡುಗ ಹಿಗ್ಗಿ, ಅದೋ ನಮ್ಮಜ್ಜಿ ಎಂದು ತೋರಿಸಿದ. ಹುಡುಗಿ ಫೋನನ್ನು ಕಿತ್ತುಕೊಂಡು ಚಿತ್ರವನ್ನು ದೊಡ್ಡದು ಮಾಡಿದಳು. ಸಾಲಿನ ಕೊನೆಯಲ್ಲಿ ಇಳಕಲ್ ಸೀರೆಯ ಸೆರಗನ್ನು ತಲೆಯ ಮೇಲೆ ಹೊದ್ದು ಒಬ್ಬಳು ನಿಂತಿದ್ದಳು.

“ಮಿಸ್, ಇಕಿ ನಮ್ಮವ್ವ,” ಎಂದಳು. “ಮನ್ಯಾಗ ಅಕ್ಕ, ಕೂಸು ಬಿಟ್ರ ಯಾರೂ ಇಲ್ರಿ.”

ಆಮೇಲೆ ತಿಳಿದದ್ದು ಇಷ್ಟು. ಹಳೆಯ ಊರಿನ ಹೆಂಗಸರು ಕೆಳಗಿನ ಬೀದಿಯಲ್ಲೇ ಹಾದುಹೋಗಿದ್ದರು. ಮನೆಯಲ್ಲಿ ಎಳೆಗೂಸು ಇದೆ, ನೀನೂ ಬಂದು ಬಾಗಿನ ಬಿಡು, ಕೂಸಿಗೆ ಒಳ್ಳೆಯದಾಗುತ್ತದೆ ಎಂದು ತಾಯಿಯನ್ನು ಕರೆದರು. ಮಾಲೀಕರ ಮನೆಯ ಹೆಂಗಸು ಕರೆದಾಗ ಇಲ್ಲವೆನ್ನುವುದು ಹೇಗೆ? ಬಾಣಂತಿ, ಮಗು ಮಲಗಿದ್ದರು. ಬಾಗಿಲು ತೆರೆದಿದ್ದರೆ ಬೆಕ್ಕು ನುಗ್ಗುತ್ತದೆ, ಕಂಡವರ ಕಣ್ಣು ಬೀಳುತ್ತದೆ ಎಂದು ತಾಯಿ ಹೊರಗಿನಿಂದ ಚಿಲಕ ಹಾಕಿಕೊಂಡು ಹೋದಳು. ಮಗುವನ್ನು ಉಳಿಸಲೆಂದು ಮಾಡಿದ ಯಂತ್ರವೇ ಮಗುವಿನ ಕಾವಲಿಗಿದ್ದವಳನ್ನು ಮನೆಯಿಂದ ಹೊರಡಿಸಿತ್ತು.

ನನ್ನ ಸ್ಕೂಟರಿನ ಹಿಂದೆ ಹುಡುಗಿಯನ್ನು ಕೂರಿಸಿಕೊಂಡು ಹೊರಟೆ. ಹುಡುಗ ತಾತನಿಗೆ ಫೋನು ಮಾಡುತ್ತ ಮಳೆಯಲ್ಲಿ ಓಡಿ ಬಂದ. ಬೀದಿಯ ತಿರುವಿನಲ್ಲಿ ಸ್ಕೂಟರು ನಿಂತುಹೋಯಿತು, ಅದರಿಂದ ಮುಂದೆ ರಸ್ತೆ ಇರಲಿಲ್ಲ, ನೀರಿತ್ತು. ಕೆಂಪು ನೀರು, ಸದ್ದಿಲ್ಲದ ನೀರು. ಅದರ ಮೇಲೆ ಚಪ್ಪಲಿ, ಪ್ಲಾಸ್ಟಿಕ್ ಕೊಡ ಮತ್ತು ಆಗತಾನೇ ಏರಿಯ ಮೇಲೆ ಬಿಟ್ಟ ಚೆಂಡು ಹೂವು ತೇಲುತ್ತಿದ್ದವು. ಮಹಡಿಗಳ ಮೇಲಿದ್ದವರು ಕೂಗಾಡುತ್ತಿದ್ದರು. ಹುಡುಗಿ ನನ್ನನ್ನು ಕಾಯಲಿಲ್ಲ. ಸೊಂಟದವರೆಗಿನ ನೀರಿನಲ್ಲಿ ಗೋಡೆ ಹಿಡಿದು ಹೋದಳು. ನಾನು ಹಿಂದೆ. ನನಗೆ ಈಜು ಬಾರದು, ಅದು ನೆನಪಾದದ್ದು ಮಾರನೆಯ ದಿನ.

ಒಳಗಿನಿಂದ ಏನೋ ಬಡಿಯುತ್ತಿದ್ದ ಸದ್ದು ಕೇಳಿಸಿತು. ಚಿಲಕ ನೀರಿನ ಕೆಳಗಿತ್ತು. ಅವಳು ಮುಳುಗಿ ತಡಕಿ ಅದನ್ನು ಸರಿಸಿದಾಗ ಬಾಗಿಲು ತಾನೇ ಒಳಕ್ಕೆ ಹೋಯಿತು, ನಾವೂ ನೀರೂ ಒಟ್ಟಿಗೆ ಒಳಗೆ ಬಿದ್ದೆವು. ಅಕ್ಕ ಜೋಳದ ಡ್ರಮ್ಮಿನ ಮೇಲೆ ನಿಂತಿದ್ದಳು. ಮಗು ಅಟ್ಟದ ಮೇಲೆ ಹಿತ್ತಾಳೆ ಕೊಡಗಳ ನಡುವೆ ಇತ್ತು. ಒಂದು ಕೈಯಿಂದ ಮಗುವನ್ನು ಒತ್ತಿ ಹಿಡಿದು, ಇನ್ನೊಂದರಲ್ಲಿ ಸೌಟು ಹಿಡಿದು ರಟ್ಟು ಬಡಿದ ಕಿಟಕಿಯನ್ನು ಕುಟ್ಟುತ್ತಿದ್ದಳು. ಬಾಯಿ ತೆರೆದಿತ್ತು, ಕೂಗಿ ಕೂಗಿ ದನಿ ಹೋಗಿತ್ತು. ಕಿವಿಯಲ್ಲಿ ಹತ್ತಿ ಹಾಗೇ ಇತ್ತು. ಹಾಸಿಗೆ ಒದ್ದೆಯಾದ ಮೇಲೆಯೇ ಅವಳಿಗೆ ಎಚ್ಚರವಾದದ್ದಂತೆ.

ಮಗು ಉಳಿಯಿತು, ಅಕ್ಕ ಉಳಿದಳು. ಇನ್ನು ಸ್ವಲ್ಪ ಹೊತ್ತು ಕಳೆದಿದ್ದರೆ ಎಂಬ ಮಾತನ್ನು ಆ ಮನೆಯಲ್ಲಿ ಯಾರೂ ಆಡುವುದಿಲ್ಲ. ಆಡಿದರೆ ಈಗಲೂ ಬಿಡ್ತು ಅನ್ನಬೇಕು. ತಂದೆ ಆ ಸಂಜೆ ಆಸ್ಪತ್ರೆಯ ಬೆಂಚಿನ ಮೇಲೆ ಫೋನು ಹಿಡಿದು ಕೂತಿದ್ದರು. ನಾನು ಪಕ್ಕದಲ್ಲಿ ಕೂತೆ. ಅವರು ನನ್ನ ಮುಖ ನೋಡದೆ, “ನಾ ಓದಿದ್ನಿರಿ ಮಿಸ್. ಓದಿ ನಕ್ಕೆ,” ಎಂದರು.

ಅಧ್ಯಕ್ಷರೂ ಬಂದಿದ್ದರು. ಖರ್ಚು ತಾವೇ ನೋಡಿಕೊಳ್ಳುವುದಾಗಿ ಹೇಳಿದರು, ಮಗುವಿನ ಹಣೆ ಮುಟ್ಟಿದರು. ಅವರ ಕಣ್ಣು ಒದ್ದೆಯಾಗಿದ್ದದ್ದು ಸುಳ್ಳಲ್ಲ. ಹೊರಗೆ ಬರುವಾಗ ಮಾತ್ರ ಯಾರಿಗೋ, ನೀರು ಅದರ ಗದ್ದೆಗೆ ಅದು ಬಂತು, ಅದನ್ನ ಯಾರು ಬ್ಯಾಡ ಅನ್ನಕಾಯ್ತದೆ ಎಂದರು. ಆ ಮಾತಿನ ತಣ್ಣಗಿನ ಸತ್ಯ ನನಗೆ ಇವತ್ತಿಗೂ ಹೆದರಿಕೆ ಹುಟ್ಟಿಸುತ್ತದೆ. ಗದ್ದೆಯ ಲೆಕ್ಕದಲ್ಲಿ ನೀರು ತಪ್ಪು ಮಾಡಿರಲಿಲ್ಲ.

ನಮ್ಮ ಯಂತ್ರ ಶಾಲೆಗಳ ಪ್ರದರ್ಶನಕ್ಕೆ ಹೋಯಿತು. ಕಳಿಸಬೇಡಿ ಎಂದು ನಾನು ಜಗಳವಾಡಿದೆ, ಹುಡುಗಿಯೇ ಹೋಗುತ್ತೇನೆ ಎಂದಳು. ತೀರ್ಪುಗಾರರು ಕೋಟು ಹಾಕಿದ ಸಂಭಾವಿತರು. ನಿಜವಾದ ಮಳೆಯಲ್ಲಿ ಕೆಲಸ ಮಾಡಿತೇ ಎಂದು ಕೇಳಿದರು. ಮಾಡಿತು ಎಂದಳು. ಮೆಸೇಜು ಎಲ್ಲರಿಗೂ ತಲುಪಿತೇ? ತಲುಪಿತು. ಜನ ಏನು ಮಾಡಿದರು?

“ಎಲ್ರೂ ಕೈ ಮುಗಿದ್ರು ಸರ್.”

ಅವರು ಇದನ್ನು ಹೊಗಳಿಕೆಯೆಂದು ತಿಳಿದು ಬರೆದುಕೊಂಡರು. ಮೊದಲ ಬಹುಮಾನ ಬಂತು. ಅದರ ಫಲಕ ಮುಖ್ಯೋಪಾಧ್ಯಾಯಿನಿಯವರ ಕೋಣೆಯಲ್ಲಿದೆ.

ಬಹುಮಾನದ ಮರುದಿನ ಮಕ್ಕಳಿಬ್ಬರೂ ಯಾರನ್ನೂ ಕೇಳದೆ ಮೆಸೇಜನ್ನು ಬದಲಾಯಿಸಿದರು. ಹುಡುಗ ಮುಂದೆ ನಿಂತು, ತಾತ ಏನಾದರೂ ಅಂದುಕೊಳ್ಳಲಿ ಎಂದ. ಹುಡುಗಿ ಬಿತ್ತು ಎಂಬುದನ್ನು ಅಳಿಸಿ, ಕೋಡಿಯ ಮೊದಲಿನ ಕಕಾರವನ್ನೂ ತೆಗೆದುಹಾಕಿದಳು, ಓಡಿ ಎಂದಾಯಿತು. ಇನ್ನೇನೂ ಬರೆಯಲಿಲ್ಲ. ಮುಂದಿನ ಮಳೆಗೆ ಆ ಮೆಸೇಜು ಹೋಯಿತು. ಕೆಳಗಿನ ಬೀದಿಯವರು ಮಕ್ಕಳನ್ನು ಎತ್ತಿಕೊಂಡು ಓಡಿದರು. ಅವತ್ತು ನೀರು ಹೊಸ್ತಿಲವರೆಗೆ ಬಂದು ಹಿಂದೆ ಹೋಯಿತು. ಆದರೆ ಓಡಿದವರಲ್ಲಿ ಕೆಲವರು ಮನೆಗೆ ಮರಳಲಿಲ್ಲ, ಖಾಲಿ ಮಾಡಿ ಬೇರೆಡೆಗೆ ಹೋದರು. ಆಡಳಿತ ಸಮಿತಿ ಸಭೆ ಸೇರಿತು. ಸುಳ್ಳು ಹೆದರಿಕೆ ಹಬ್ಬಿಸುವುದು ಶಾಲೆಗೆ ಶೋಭೆಯಲ್ಲ, ಗುಂಪನ್ನು ಮುಚ್ಚಬೇಕು, ಮೆಸೇಜು ಅಧ್ಯಕ್ಷರೊಬ್ಬರಿಗೆ ಬಂದರೆ ಸಾಕು, ಜನಕ್ಕೆ ತಿಳಿಸುವುದನ್ನು ಅವರು ನೋಡಿಕೊಳ್ಳುತ್ತಾರೆ ಎಂದು ತೀರ್ಮಾನವಾಯಿತು. ಮೆಸೇಜಿನ ಮಾತೂ ಮೊದಲಿನಂತೆಯೇ ಆಗಬೇಕು ಎಂದರು. ನಾನು ಎದ್ದು ನಿಂತು ಮಾತಾಡಿದೆ, ಬಾಯಿಗೆ ಬಂದದ್ದೆಲ್ಲ ಹೇಳಿದೆ. ನಿಮ್ಮ ಕೆಲಸ ಪಾಠ ಹೇಳುವುದು ಎಂದು ನೆನಪಿಸಿದರು. ಈಗ ಕೆರೆ ತುಂಬಿದರೆ ಒಂದೇ ಒಂದು ಫೋನು ಗುಂಯ್ ಎನ್ನುತ್ತದೆ. ಅವರು ತೆಂಗಿನಕಾಯಿ ತೆಗೆದುಕೊಂಡು ಏರಿಗೆ ಹೋಗುತ್ತಾರೆ.

ಹುಡುಗಿಯ ಮನೆಯವರು ಚಿಕ್ಕಬಾಣಾವರದ ರೈಲು ನಿಲ್ದಾಣದ ಹತ್ತಿರ ಎರಡನೆಯ ಮಹಡಿಯ ಮನೆಗೆ ಹೋದರು. ಅಕ್ಕ ಮಗುವನ್ನು ಕರೆದುಕೊಂಡು ಗಂಡನ ಊರಿಗೆ ಹೋದಳು, ಬಾಗಿಲು ಮುಚ್ಚಿದ ಕೋಣೆಯಲ್ಲಿ ಮಲಗುವುದಿಲ್ಲವಂತೆ. ಹುಡುಗಿ ಈಗ ಎಸ್ಸೆಸ್ಸೆಲ್ಸಿ. ಮೋಡ ಕಟ್ಟಿದ ದಿನ ಕೊನೆಯ ಪಿರಿಯಡ್ಡಿಗೆ ಮುಂಚೆ ಬಂದು, ಹೋಗಲೇ ಮಿಸ್ ಎಂದು ಕೇಳುತ್ತಾಳೆ. ನಾನು ಎಲ್ಲಿಗೆ ಎಂದು ಕೇಳುವುದಿಲ್ಲ.

ಅವಳು ಹೋಗುವುದು ಆ ಹಳೆಯ ಮನೆಗೆ. ಗೋಡೆಗೆ ಹೊಸ ಬಣ್ಣ ಬಳಿದು ಅದನ್ನು ಒಡಿಶಾದ ಕಡೆಯ ಗಂಡಹೆಂಡತಿಗೆ ಕೊಟ್ಟಿದ್ದಾರೆ. ಗಂಡನಿಗೆ ಹಿಂದಿ ಬರುತ್ತದೆ, ಬೆಳಿಗ್ಗೆ ಕಟ್ಟಡದ ಕೆಲಸಕ್ಕೆ ಹೋದರೆ ಕತ್ತಲಾದ ಮೇಲೆಯೇ ಬರುವುದು. ನೀರಿನ ವಿಷಯ ಹೇಳಿದರೆ, ಹಾಗೇನೂ ಆಗುವುದಿಲ್ಲ ಎಂದು ಮಾಲೀಕರು ಹೇಳಿದ್ದಾರೆ ಎಂದನಂತೆ. ಹೆಂಡತಿಗೆ ಕನ್ನಡವೂ ಬಾರದು, ನಮ್ಮ ಶಾಲೆಯ ಹಿಂದಿಯೂ ಹತ್ತುವುದಿಲ್ಲ. ಒಳಗಿನ ಕೋಣೆಯಲ್ಲಿ ಸೀರೆಯ ಜೋಲಿ, ಜೋಲಿಯಲ್ಲಿ ಮಗು. ಹುಡುಗಿ ಕೆರೆಯ ಕಡೆ ಕೈ ತೋರಿಸುತ್ತಾಳೆ, ಮಗುವನ್ನು ಎತ್ತಿಕೊಳ್ಳುವಂತೆ ನಟಿಸುತ್ತಾಳೆ, ಮೇಲಿನ ರಸ್ತೆಯ ಕಡೆ ತೋರಿಸಿ ಓಡಿ ಎನ್ನುತ್ತಾಳೆ. ಆ ಒಂದು ಮಾತನ್ನಾದರೂ ಕಲಿತಳು ಮಿಸ್ ಎಂದು ನನಗೆ ಹೇಳಿದ್ದಳು.

ಹೋದ ವಾರ ನಾನೂ ಜೊತೆಗೆ ಹೋದೆ. ಹನಿ ಆಗಲೇ ಶುರುವಾಗಿತ್ತು. ಬಾಗಿಲ ಮುಂದೆ ಪಾತ್ರೆ ತೊಳೆಯುತ್ತಿದ್ದ ಆ ಹೆಂಗಸು ನಮ್ಮನ್ನು ದೂರದಿಂದಲೇ ಕಂಡು ಎದ್ದಳು. ಕೈ ಒರೆಸಿಕೊಂಡು ಒಳಗೆ ಹೋಗಿ ಮಗುವನ್ನು ಎತ್ತಿಕೊಂಡು ಬಂದಳು. ಅದರ ಪುಟ್ಟ ಕೈಯನ್ನು ಹಿಡಿದು ನಮ್ಮ ಕಡೆ ಆಡಿಸುತ್ತಾ, ಬಾಯಿ ತುಂಬ ನಕ್ಕು, “ಓಡಿ, ಓಡಿ” ಎಂದಳು. ಆಮೇಲೆ ಬಾಗಿಲನ್ನು ಪೂರ್ತಿ ತೆರೆದು, ನಾವು ಒಳಗೆ ಬರಲೆಂದು ಪಕ್ಕಕ್ಕೆ ಸರಿದು ನಿಂತಳು. ಅವಳು ಅದನ್ನು ನಮ್ಮ ಕಡೆಯ ನಮಸ್ಕಾರ ಎಂದು ತಿಳಿದಿದ್ದಳು.